ಕೌಂಟರಿನ ಕಿಟಕಿಗೆ ಬಂದ ಸಿಟ್ಟು

ಮೂವತ್ತೆರಡು ವರ್ಷ ನಾನು ಊರಿನವರ ಕರೆಂಟ್ ಬಿಲ್ಲಿನ ದುಡ್ಡು ಎಣಿಸಿದವಳು. 1985ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಗೆ ಸೇರಿದಾಗ ತೆಂಗಿನ ಸೀಮೆಯ ಒಂದು ತಾಲ್ಲೂಕು ಕೇಂದ್ರದ ಕ್ಯಾಶ್ ಕೌಂಟರಿನಲ್ಲಿ ಕೂರಿಸಿದರು. 2017ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ ಮಂಡಳಿ ಹೋಗಿ ಕಂಪನಿ ಬಂದಿತ್ತು, ದಪ್ಪ ಲೆಡ್ಜರುಗಳು ಹೋಗಿ ಕಂಪ್ಯೂಟರ್ ಬಂದಿತ್ತು. ಕಿಟಕಿ ಮಾತ್ರ ಬದಲಾಗಲಿಲ್ಲ. ಕಬ್ಬಿಣದ ಜಾಲರಿ, ಅದರ ಕೆಳಗೆ ಅಂಗೈ ಅಗಲದ ಒಂದು ಸಂದು. ಆ ಸಂದಿನಿಂದ ನೋಟು, ಚಿಲ್ಲರೆ ಒಳಗೆ ಬರುತ್ತಿತ್ತು, ರಸೀದಿ ಹೊರಗೆ ಹೋಗುತ್ತಿತ್ತು. ಜನರ ಸಿಟ್ಟು ಬರುತ್ತಿದ್ದದ್ದೂ ಅದೇ ಸಂದಿನಿಂದ.

"ಏನ್ ಮೇಡಂ, ಇರೋದು ಎರಡು ಬಲ್ಬು, ಒಂದು ಫ್ಯಾನು. ಇಷ್ಟೊಂದು ಬಿಲ್ಲಾ?"

"ರೇಟು ಹಾಕೋದು ನಾನಲ್ಲಣ್ಣ."

"ಮತ್ತ್ಯಾರು ಹಾಕೋದು? ಅವರನ್ನ ತೋರಿಸಿ, ಅವರ ಹತ್ರಾನೇ ಹೋಗ್ತೀನಿ."

ಎಂಟನೇ ಕ್ಲಾಸಿನವರೆಗೆ ಓದಿದ್ದ, ಕೊಬ್ಬರಿ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ ಒಬ್ಬರು ಒಮ್ಮೆ ಹೀಗೆ ಕೇಳಿದರು. ನಾನು ಛಾವಣಿಯ ಕಡೆ ಕೈ ತೋರಿಸಿ "ಮೇಲಿನವರು" ಅಂದೆ. ಅವರು ಮೇಲೆ ನೋಡಿ, ನನ್ನನ್ನು ನೋಡಿ, ಚಿಲ್ಲರೆ ಎಣಿಸಿಕೊಂಡು ಹೋದರು. ಅವರ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಗೊತ್ತಿತ್ತು. ಹಿಂದೆ ಸಾಲಿನಲ್ಲಿ ನಲವತ್ತು ಜನ ನಿಂತಿದ್ದರಿಂದ ಹೇಳಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಜೂನ್ ತಿಂಗಳ ಬಿಲ್ಲು

2023ರ ಜೂನ್‌ನಲ್ಲಿ ನಮ್ಮ ಬೀದಿಯಲ್ಲಿ ಬಿಲ್ಲು ಹಂಚಿ ಹೋದ ಸಂಜೆ ನನ್ನ ಮನೆ ಜಗಲಿಯೇ ಕೌಂಟರಾಯಿತು. ನಿವೃತ್ತಿಯಾಗಿ ಆರು ವರ್ಷವಾಗಿದ್ದರೂ ಜನರ ಪಾಲಿಗೆ ನಾನು ಇವತ್ತಿಗೂ 'ಕೆ.ಇ.ಬಿ. ಮೇಡಂ'. ಮಂಡಳಿ ಮುಚ್ಚಿದ್ದು 1999ರಲ್ಲಿ. ಆದರೂ ಊರಿನ ಬಾಯಲ್ಲಿ ಅದು ಕೆ.ಇ.ಬಿ. ಆಫೀಸೇ. ಒಬ್ಬೊಬ್ಬರ ಕೈಯಲ್ಲೂ ಉದ್ದನೆಯ ತೆಳು ಕಾಗದದ ಬಿಲ್ಲು. ಎಲ್ಲರ ಮಾತೂ ಒಂದೇ: ಹೋದ ತಿಂಗಳಿಗಿಂತ ಇಷ್ಟೊಂದು ಹೇಗೆ ಏರಿತು?

ಹಿಂದಿನ ಬೀದಿಯ ಅಂಗನವಾಡಿ ಸಹಾಯಕಿಯ ಬಿಲ್ಲು ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದೆ. ಆ ತಿಂಗಳು ಅವರು ಸುಟ್ಟದ್ದು 104 ಯೂನಿಟ್. ಹಳೆಯ ದರದಲ್ಲಿ ನಮ್ಮ ಕಡೆ ನಾಲ್ಕು ಹಂತಗಳಿದ್ದವು. ಮೊದಲ 50 ಯೂನಿಟ್ಟಿಗೆ 4 ರೂಪಾಯಿ 15 ಪೈಸೆ, ಮುಂದಿನ 50ಕ್ಕೆ 5 ರೂಪಾಯಿ 60 ಪೈಸೆ, ಆಮೇಲೆ 200ರವರೆಗೆ 7 ರೂಪಾಯಿ 15 ಪೈಸೆ, 200 ದಾಟಿದ ಮೇಲೆ 8 ರೂಪಾಯಿ 20 ಪೈಸೆ. ಮೆಟ್ಟಿಲಿದ್ದ ಹಾಗೆ. ಒಂದು ಮೆಟ್ಟಿಲು ಹತ್ತಿದರೂ ಕೆಳಗಿನ ಮೆಟ್ಟಿಲಿನ ಯೂನಿಟ್ಟುಗಳಿಗೆ ಕೆಳಗಿನ ದರವೇ. ಆ ಲೆಕ್ಕದಲ್ಲಿ 104 ಯೂನಿಟ್ಟಿಗೆ 516 ರೂಪಾಯಿ 10 ಪೈಸೆ.

ಹೊಸ ದರದ ಆದೇಶದಲ್ಲಿ ಹಂತಗಳು ಎರಡೇ. 100 ಯೂನಿಟ್ಟಿನವರೆಗೆ 4 ರೂಪಾಯಿ 75 ಪೈಸೆ. ನೂರು ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಎಲ್ಲಕ್ಕೂ 7 ರೂಪಾಯಿ. ಅವರ 104 ಯೂನಿಟ್ಟಿಗೆ 728 ರೂಪಾಯಿ ಆಯಿತು. 211 ರೂಪಾಯಿ 90 ಪೈಸೆ ಹೆಚ್ಚು, ಅದೂ ಯೂನಿಟ್ ಲೆಕ್ಕದ ಇಂಧನ ಶುಲ್ಕವೊಂದರಲ್ಲೇ. ನೂರಕ್ಕೆ ನಿಂತಿದ್ದರೆ 475 ರೂಪಾಯಿ, ನೂರಾ ಒಂದಾದರೆ 707. ಒಂದು ಯೂನಿಟ್ ಅಂದರೆ ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉರಿದಷ್ಟು ಕರೆಂಟು. ಆ ಒಂದು ಗಂಟೆಯ ಇಸ್ತ್ರಿಗೆ 232 ರೂಪಾಯಿ ಬಿತ್ತು.

ಅದೇ ಸಂಜೆ ಮೂಲೆಯ ದೊಡ್ಡ ಮನೆಯವರೂ ಬಿಲ್ಲು ಕಳಿಸಿದ್ದರು. ಮಹಡಿ ಮನೆ, ಎರಡು ಎ.ಸಿ., 400 ಯೂನಿಟ್. ಹಳೆಯ ದರದಲ್ಲಿ ಅವರ ಇಂಧನ ಶುಲ್ಕ 2,842 ರೂಪಾಯಿ 50 ಪೈಸೆ ಆಗುತ್ತಿತ್ತು. ಹೊಸ ದರದಲ್ಲಿ 2,800. ನಲವತ್ತೆರಡೂವರೆ ರೂಪಾಯಿ ಕಡಿಮೆ! ಎರಡು ಸಲ ಕೂಡಿ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು. ಅಂಗನವಾಡಿ ಸಹಾಯಕಿಯ ಮನೆಗೆ ಇನ್ನೂರು ಏರಿತು, ಎ.ಸಿ. ಮನೆಗೆ ನಲವತ್ತು ಇಳಿಯಿತು. ಮೂರು ದಶಕ ದರಪಟ್ಟಿ ಬಾಯಿಪಾಠ ಮಾಡಿದ ನನಗೆ ಅವತ್ತು ನಿಜವಾಗಿ ನೋವಾಯಿತು. ದರ ಏರಲೇಬೇಕಾದ ಕಾಲ ಬರುತ್ತದೆ, ಅದನ್ನು ಒಪ್ಪುತ್ತೇನೆ. ಆ ಏರಿಕೆ ಯಾರ ತಲೆಯ ಮೇಲೆ ಕೂರಬೇಕು ಅನ್ನುವುದೂ ಅಷ್ಟೇ ದೊಡ್ಡ ತೀರ್ಮಾನ.

ಇದಕ್ಕೆ ದಿನಾಂಕದ ತೊಡಕೂ ಸೇರಿಕೊಂಡಿತು. ಯೂನಿಟ್ಟಿಗೆ ಸರಾಸರಿ 70 ಪೈಸೆ, ಅಂದರೆ ಶೇ 8.31ರಷ್ಟು ಏರಿಸಿದ ಆ ಆದೇಶ ಹೊರಬಂದದ್ದು 2023ರ ಮೇ 12ರಂದು. ವಿಧಾನಸಭೆಗೆ ಮತದಾನ ಮುಗಿದದ್ದು ಮೇ 10ಕ್ಕೆ, ಎಣಿಕೆ ನಡೆದದ್ದು ಮೇ 13ಕ್ಕೆ. ಇಡೀ ರಾಜ್ಯದ ಕಣ್ಣು ಫಲಿತಾಂಶದ ಮೇಲಿದ್ದಾಗ ದರದ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ. ದರ ಜಾರಿಗೆ ಬಂದದ್ದು ಏಪ್ರಿಲ್ 1ರಿಂದ. ಹೀಗಾಗಿ ಜೂನ್ ಬಿಲ್ಲಿಗೆ ಹಿಂದಿನ ಬಾಕಿ ಸೇರಿತು. ಕಲ್ಲಿದ್ದಲು ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಶುಲ್ಕವೂ ಅದೇ ಬಿಲ್ಲಿಗೆ ಬಂತು. ಮೂರು ಹೊರೆ ಒಂದೇ ಕಾಗದದ ಮೇಲೆ ಬಿದ್ದಾಗ ಯಾವುದು ಯಾವುದೆಂದು ಯಾರಿಗೆ ತಿಳಿಯಬೇಕು?

ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಜೂನ್ 22ಕ್ಕೆ ಬಂದ್ ಕರೆ ಕೊಟ್ಟಿತು. ಸಣ್ಣ ಕೈಗಾರಿಕೆಗಳವರು, ಮಗ್ಗದವರು, ಮನೆಯವರು ಎಲ್ಲರೂ ಮಾತಾಡಿದರು. ಹೊಸ ಸರ್ಕಾರ, ಏರಿಸಿದ್ದು ನಾವಲ್ಲ, ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಎಂದಿತು. ಹಿಂದಿನ ಸರ್ಕಾರದವರೂ ತಮ್ಮ ಮೇಲೆ ಹಾಕಿಕೊಳ್ಳಲಿಲ್ಲ. ಬೀದಿಯವರು ಬೈದದ್ದು ಬಿಲ್ಲು ಕೊಟ್ಟುಹೋದ ಮೀಟರ್ ರೀಡರ್ ಹುಡುಗನನ್ನು. ಮುಂದಿನ ತಿಂಗಳು ಅವನು ಬಿಲ್ಲನ್ನು ಗೇಟಿಗೆ ಸಿಕ್ಕಿಸಿ, ಕೂಗದೆ ಹೋಗಿಬಿಟ್ಟ.

ರೇಟು ಹಾಕುವವರು ಯಾರು?

ಹಮಾಲಿಯಣ್ಣ ಕೇಳಿದ ಪ್ರಶ್ನೆಗೆ ಬರುತ್ತೇನೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮಂಡಳಿ ಮತ್ತು ಸರ್ಕಾರ ಸೇರಿ ದರ ತೀರ್ಮಾನಿಸುತ್ತಿದ್ದವು. ಚುನಾವಣೆ ಬಂದರೆ ಏರುತ್ತಿರಲಿಲ್ಲ, ಮುಗಿದ ಮೇಲೆ ಒಟ್ಟಿಗೆ ಏರುತ್ತಿತ್ತು. ಸಾಲ ಬೆಳೆಯುತ್ತಿತ್ತು. ಈ ಕಟ್ಟು ಬಿಡಿಸಬೇಕೆಂದು 1999ರಲ್ಲಿ ವಿದ್ಯುತ್ ಸುಧಾರಣಾ ಕಾಯ್ದೆ ಬಂತು. ಮಂಡಳಿಯ ಜಾಗದಲ್ಲಿ ವಿದ್ಯುತ್ ಪ್ರಸರಣ ನಿಗಮ ಆಯಿತು. 2002ರ ಜೂನ್‌ನಲ್ಲಿ ಹಂಚಿಕೆಯ ಕೆಲಸವನ್ನು ಪ್ರಾದೇಶಿಕ ಕಂಪನಿಗಳಿಗೆ ಕೊಟ್ಟರು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿ ಮೊದಲು ಬಂದವು, ಆಮೇಲೆ ಮೈಸೂರು ಭಾಗದ ಚಾಮುಂಡೇಶ್ವರಿ. ಇವನ್ನೇ ಎಸ್ಕಾಂಗಳು ಎನ್ನುತ್ತೇವೆ. ಇವುಗಳ ಮೇಲೆ ನ್ಯಾಯಾಧಿಕಾರದಂಥ ಅಧಿಕಾರವಿರುವ ಒಂದು ಸಂಸ್ಥೆಯನ್ನು ಕೂರಿಸಿದರು. ಅದೇ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಪತ್ರಿಕೆಗಳಲ್ಲಿ ನಾವು ಓದುವ ಕೆ.ಇ.ಆರ್.ಸಿ. ಬೆಂಗಳೂರಿನ ವಸಂತನಗರದಲ್ಲಿ ಅದರ ಕಚೇರಿ. ಅಲ್ಲಿ ಅಧ್ಯಕ್ಷರು, ಸದಸ್ಯರು ಕೂತು ವಿಚಾರಣೆ ನಡೆಸಿ ತೀರ್ಪಿನಂತೆ ಆದೇಶ ಬರೆಯುತ್ತಾರೆ. ನಮ್ಮ ಮನೆಯ ಯೂನಿಟ್ ದರ ಆ ಆದೇಶದಿಂದ ಬರುತ್ತದೆ.

ಕೆಲಸ ನಡೆಯುವ ರೀತಿ ಹೀಗೆ. ಎಸ್ಕಾಂಗಳು ನವೆಂಬರ್ ಕೊನೆಯ ಹೊತ್ತಿಗೆ ಆಯೋಗಕ್ಕೆ ಅರ್ಜಿ ಹಾಕುತ್ತವೆ. ಬರುವ ವರ್ಷ ಇಷ್ಟು ಕರೆಂಟು ಕೊಳ್ಳಬೇಕು, ಅದಕ್ಕೆ ಇಷ್ಟು ಖರ್ಚು, ಸಂಬಳ ಇಷ್ಟು, ದುರಸ್ತಿ ಇಷ್ಟು, ಸಾಲದ ಬಡ್ಡಿ ಇಷ್ಟು, ಈಗಿನ ದರದಲ್ಲಿ ಬರುವ ಹಣ ಇಷ್ಟು, ಕೊರತೆ ಇಷ್ಟು ಎಂದು ಪಟ್ಟಿ ಕೊಡುತ್ತವೆ. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ವಿದ್ಯುತ್ ಖರೀದಿಯದು. 2003ರ ವಿದ್ಯುತ್ ಕಾಯ್ದೆಯ 64ನೇ ಕಲಮಿನ ಪ್ರಕಾರ ಈ ಅರ್ಜಿಯನ್ನು ಜನರ ಮುಂದಿಡಲೇಬೇಕು. ಬಂದ ಸಲಹೆ, ಆಕ್ಷೇಪಣೆಗಳನ್ನು ಪರಿಶೀಲಿಸಿ 120 ದಿನದೊಳಗೆ ಆಯೋಗ ಆದೇಶ ಕೊಡಬೇಕು. ಆಯೋಗ ಕೇಳಿದ್ದಷ್ಟನ್ನೂ ಕೊಡುವುದಿಲ್ಲ. 2023ರಲ್ಲಿ ಕಂಪನಿಗಳು ಕೇಳಿದ್ದು ಕೊಟ್ಟದ್ದರ ಇಮ್ಮಡಿಗೆ ಹತ್ತಿರ ಇತ್ತು.

ಸರ್ಕಾರಕ್ಕೂ ಒಂದು ಕಟ್ಟಳೆ ಇದೆ. ಯಾರಿಗಾದರೂ ಉಚಿತವಾಗಿಯೋ ಕಡಿಮೆ ದರಕ್ಕೋ ಕರೆಂಟು ಕೊಡಬೇಕೆಂದರೆ ಅದರ ಹಣವನ್ನು ಮುಂಗಡವಾಗಿ ಕಂಪನಿಗೆ ಕಟ್ಟಬೇಕು ಎಂದು ಅದೇ ಕಾಯ್ದೆಯ 65ನೇ ಕಲಮು ಹೇಳುತ್ತದೆ. ನಮ್ಮಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಕರೆಂಟು ಉಚಿತ. ಅದು ರೈತರಿಗೆ ಬೇಕು, ನಮ್ಮ ತೆಂಗಿನ ತೋಟಗಳು ಉಳಿದಿರುವುದೇ ಅದರಿಂದ. ಆದರೆ ಸರ್ಕಾರದ ಹಣ ತಡವಾದರೆ ಕಂಪನಿ ಸಾಲ ಮಾಡುತ್ತದೆ, ಸಾಲಕ್ಕೆ ಬಡ್ಡಿ ಬೀಳುತ್ತದೆ, ಬಡ್ಡಿ ಮುಂದಿನ ಅರ್ಜಿಯ ಖರ್ಚಿನ ಪಟ್ಟಿಗೆ ಬಂದು ಕೂರುತ್ತದೆ. ತಡ ಮಾಡಿದವರು ಯಾರೋ, ಬಡ್ಡಿ ಕಟ್ಟುವವರು ಯಾರೋ ಆಗುತ್ತದೆ. ಆಯೋಗದ ಮೇಲೆ ಜನ ಸಿಟ್ಟಾಗುವಾಗ ಈ ಕೊಂಡಿಯನ್ನೂ ನೋಡಬೇಕು. ಹಾಗೆಯೇ ಆಯೋಗವೂ ತನ್ನ ಕೈ ಕಟ್ಟಿದೆ ಎಂದು ಸುಮ್ಮನಾಗಬಾರದು. ದರದ ಹಂತಗಳನ್ನು ಹೇಗೆ ಕಟ್ಟಬೇಕು, 104 ಯೂನಿಟ್ಟಿನವರಿಗೆ ಎಷ್ಟು, 400 ಯೂನಿಟ್ಟಿನವರಿಗೆ ಎಷ್ಟು ಎಂಬುದು ಆಯೋಗವೇ ಬರೆದ ತೀರ್ಮಾನ.

ಸೊನ್ನೆ ಬಿಲ್ಲಿನ ಒಳಗೆ

2023ರ ಜುಲೈನಿಂದ ಗೃಹಜ್ಯೋತಿ ಬಂತು. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿ, ಗರಿಷ್ಠ 200 ಯೂನಿಟ್ಟಿನವರೆಗೆ ಸರ್ಕಾರವೇ ಕಟ್ಟತೊಡಗಿತು. ಆಗಸ್ಟ್‌ನಲ್ಲಿ ಅಂಗನವಾಡಿ ಸಹಾಯಕಿ ಬಿಲ್ಲು ಹಿಡಿದು ಓಡಿ ಬಂದರು. "ಮೇಡಂ, ಸೊನ್ನೆ!" ಅಂದಾಗ ಅವರ ಮುಖ ನೋಡಬೇಕಿತ್ತು. ಆ ತಿಂಗಳು ಉಳಿದ ದುಡ್ಡಿನಲ್ಲಿ ಮಗಳಿಗೆ ಶಾಲೆಯ ಬೂಟು ಕೊಂಡರು. ಆ ಯೋಜನೆಯ ಬಗ್ಗೆ ಹಗುರವಾಗಿ ಮಾತಾಡುವವರಿಗೆ ನಾನು ಆ ಬೂಟಿನ ವಿಷಯ ಹೇಳುತ್ತೇನೆ.

ಆದರೆ ಬಿಲ್ಲು ಸೊನ್ನೆಯಾದ ಮನೆಗಳಲ್ಲಿ ದರದ ಮೇಲಿನ ಕಣ್ಣೂ ಹೋಯಿತು. 2024ರ ಏಪ್ರಿಲ್‌ನಿಂದ ಆಯೋಗ ಮನೆಗಳಿಗೆ ಒಂದೇ ದರ ಮಾಡಿತು, ಎಷ್ಟೇ ಸುಟ್ಟರೂ ಯೂನಿಟ್ಟಿಗೆ 5 ರೂಪಾಯಿ 90 ಪೈಸೆ. ನೂರು ದಾಟುವವರಿಗೆ 7 ರೂಪಾಯಿಯಿಂದ ಇಳಿಯಿತು, ಒಳ್ಳೆಯದೇ. ನೂರರ ಒಳಗಿದ್ದವರಿಗೆ 4 ರೂಪಾಯಿ 75 ಪೈಸೆಯಿಂದ ಏರಿತು. ನೂರು ಯೂನಿಟ್ಟಿಗೆ 475 ಇದ್ದದ್ದು 590 ಆಯಿತು. ಬೀದಿಯಲ್ಲಿ ಒಬ್ಬರೂ ನನ್ನ ಜಗಲಿಗೆ ಬರಲಿಲ್ಲ, ಏಕೆಂದರೆ ಕಟ್ಟುವುದು ಸರ್ಕಾರ. ಸರ್ಕಾರದ ಹಣ ಎಂದರೆ ನಾವು ಸೋಪು, ಪೆಟ್ರೋಲಿಗೆ ಕೊಟ್ಟ ತೆರಿಗೆಯೂ ಸೇರಿ ಬಂದದ್ದು. ನಾಳೆ ಯೋಜನೆ ಬದಲಾದರೆ ಆ ಬಿಲ್ಲು ನೇರವಾಗಿ ಅದೇ ಮನೆಗೆ ಬರುತ್ತದೆ. ಆದ್ದರಿಂದ ಸೊನ್ನೆ ಬಿಲ್ಲಿನವರಿಗೂ ನಾನು ಹೇಳುವುದು ಒಂದೇ: ಕೆಳಗಿನ ಸೊನ್ನೆ ಮಾತ್ರ ನೋಡಬೇಡಿ, ಮೇಲಿನ ಸಾಲುಗಳನ್ನೂ ಓದಿ.

ಮೂವತ್ತಾರು ಪೈಸೆ

ಈಗ ನನಗೆ ಕಷ್ಟವಾಗುವ ಭಾಗ. ಪಕ್ಕದ ಮನೆ ಕೂಡುಕುಟುಂಬ. ಮೂವರು ಅಣ್ಣತಮ್ಮಂದಿರು, ಹದಿಮೂರು ಜನ, ಮೀಟರು ಒಂದೇ. ಬೇಸಿಗೆಯಲ್ಲಿ ಇನ್ನೂರು ದಾಟುತ್ತದೆ, ದಾಟಿದ ತಿಂಗಳು ಪೂರ್ತಿ ಬಿಲ್ಲು ಅವರದೇ. ಮನೆಯ ಲೆಕ್ಕ ನೋಡುವುದು ಹಿರಿಸೊಸೆ. 2025ರ ಮೇ ತಿಂಗಳಲ್ಲಿ ಬಿಲ್ಲು ಹಿಡಿದು ಬಂದು ನನ್ನ ಪಕ್ಕ ಜಗಲಿಯ ಮೇಲೆ ಕೂತಳು. 212 ಯೂನಿಟ್.

ಒಂದೊಂದೇ ಸಾಲು ಬಿಡಿಸಿದೆವು. ಇಂಧನ ಶುಲ್ಕ 5 ರೂಪಾಯಿ 80 ಪೈಸೆಯಂತೆ 1,229 ರೂಪಾಯಿ 60 ಪೈಸೆ. ಈ ದರ ಆ ವರ್ಷ ಹತ್ತು ಪೈಸೆ ಇಳಿದಿತ್ತು. ನಿಗದಿತ ಶುಲ್ಕ, ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ 145 ರೂಪಾಯಿಯಂತೆ ಮೂರಕ್ಕೆ 435. ಇದು ಹಿಂದಿನ ವರ್ಷ 120 ಇತ್ತು, ಅದಕ್ಕೂ ಹಿಂದೆ 110. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಇದನ್ನು ಕಟ್ಟಲೇಬೇಕು. ಹೀಗಾಗಿ ಯೂನಿಟ್ ದರ ಇಳಿಯಿತು ಎಂಬ ಸುದ್ದಿ ಓದಿದರೂ ಬಿಲ್ಲು ಇಳಿದಿರುವುದಿಲ್ಲ. ಆಮೇಲೆ ಇಂಧನ ಶುಲ್ಕದ ಮೇಲೆ ಶೇ 9 ತೆರಿಗೆ. ಆಮೇಲೆ ಒಂದು ಹೊಸ ಸಾಲು. ಅವಳು ಅದರ ಮೇಲೆ ಬೆರಳಿಟ್ಟಳು.

"ಅಕ್ಕಾ, ಇದೇನಿದು ಪಿ ಅಂಡ್ ಜಿ ಅಂತ? ಎಪ್ಪತ್ತಾರು ರೂಪಾಯಿ ಚಿಲ್ಲರೆ ಹಾಕವ್ರೆ."

ಒಂದು ಗಳಿಗೆ ನನಗೆ ಮಾತು ಹೊರಡಲಿಲ್ಲ. ಪಿ ಅಂದರೆ ಪಿಂಚಣಿ, ಜಿ ಅಂದರೆ ಗ್ರಾಚ್ಯುಟಿ. ಪ್ರಸರಣ ನಿಗಮ ಮತ್ತು ಎಸ್ಕಾಂಗಳ ನೌಕರರ ಪಿಂಚಣಿ ನಿಧಿಗೆ ಸರ್ಕಾರದ ಪಾಲಾಗಿದ್ದ ವಂತಿಗೆಯನ್ನು ಗ್ರಾಹಕರಿಂದ ವಸೂಲಿ ಮಾಡಲು 2025ರ ಮಾರ್ಚ್‌ನಲ್ಲಿ ಆಯೋಗ ಆದೇಶ ಕೊಟ್ಟಿತು. 2025-26ಕ್ಕೆ ಯೂನಿಟ್ಟಿಗೆ 36 ಪೈಸೆ, ಮುಂದಿನ ವರ್ಷ 35, ಅದರ ಮುಂದೆ 34. 212 ಯೂನಿಟ್ಟಿಗೆ 76 ರೂಪಾಯಿ 32 ಪೈಸೆ.

"ಅದು ನನ್ನ ಪಿಂಚಣಿ ಕಣಮ್ಮ" ಅಂದೆ.

ಅವಳು ಬೆರಳು ತೆಗೆದಳು. "ಅಯ್ಯೋ, ನಿಮ್ದಾ? ಹಂಗಾದ್ರೆ ಬಿಡಿ ಅಕ್ಕ" ಅಂದಳು. ಆ ಮಾತು ನನ್ನನ್ನು ಆ ರಾತ್ರಿ ಮಲಗಗೊಡಲಿಲ್ಲ. ಪಿಂಚಣಿ ನಾನು ದುಡಿದು ಸಂಪಾದಿಸಿದ್ದು. ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ನುಗಳು ಕೂಡ ದುಡಿದು ಸಂಪಾದಿಸಿದ್ದು. ಅದು ನಿಲ್ಲಬಾರದು. ಆದರೆ ಮಂಡಳಿ ಒಡೆದು ಕಂಪನಿ ಮಾಡಿದಾಗ ಈ ಹೊಣೆಯಲ್ಲಿ ಸರ್ಕಾರಕ್ಕೂ ಪಾಲಿತ್ತು. ಆ ಪಾಲು ಕಾಲು ಶತಮಾನದ ನಂತರ ಪಕ್ಕದ ಮನೆ ಹಿರಿಸೊಸೆಯ ಬಿಲ್ಲಿಗೆ ಏಕೆ ಬರಬೇಕು? ಅವಳು ನನ್ನ ಮುಖ ನೋಡಿ ಬಿಟ್ಟುಬಿಟ್ಟಳು. ಪ್ರೀತಿಯಿಂದ ಬಿಟ್ಟದ್ದರಿಂದ ಪ್ರಶ್ನೆಯ ನ್ಯಾಯ ಕಡಿಮೆಯಾಗುವುದಿಲ್ಲ.

ಸಿಟ್ಟಿಗೂ ಒಂದು ಹಂಗಾಮು

ನಿವೃತ್ತಿಯ ಮೇಲೆ ಒಮ್ಮೆ ಬೆಂಗಳೂರಿನಲ್ಲಿ ಆಯೋಗದ ಸಾರ್ವಜನಿಕ ವಿಚಾರಣೆಗೆ ಹೋಗಿದ್ದೆ. ಕೈಗಾರಿಕಾ ಸಂಘಗಳವರು ಕಡತ ಕಟ್ಟಿಕೊಂಡು, ಅಂಕಿಸಂಖ್ಯೆ ಬಾಯಲ್ಲಿ ಇಟ್ಟುಕೊಂಡು ಬಂದಿದ್ದರು. ಮನೆ ಬಿಲ್ಲಿನ ಮಾತಾಡಲು ಬಂದವರು ಒಂದು ಕೈಯ ಬೆರಳೆಣಿಕೆಗೂ ತುಂಬಲಿಲ್ಲ. ಅವರಲ್ಲೊಬ್ಬರು ಹಳ್ಳಿಯ ಹಿರಿಯರು. ಮೂರು ವರ್ಷದ ಬಿಲ್ಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ತಂದಿದ್ದರು. ಒಂದೊಂದನ್ನೂ ಬಿಚ್ಚಿ, ಅಚ್ಚಗನ್ನಡದಲ್ಲಿ, ಯಾವ ತಿಂಗಳು ಎಷ್ಟು ಏರಿತೆಂದು ಹೇಳಿದರು. ಅವರ ಮಾತು ದಾಖಲಾಯಿತು, ಅಧಿಕಾರಿಗಳು ಉತ್ತರ ಕೊಡಬೇಕಾಯಿತು. ಅವರು ಮಾತು ಮುಗಿಸಿ ಕವರು ಮಡಿಸುವಾಗ ನನಗೆ ಕೌಂಟರಿನ ಹಮಾಲಿಯಣ್ಣ ನೆನಪಾದರು. ಅವರು ನಿಲ್ಲಬೇಕಾಗಿದ್ದ ಜಾಗ ಇದು. ನಾನು ಛಾವಣಿ ತೋರಿಸಿಬಿಟ್ಟಿದ್ದೆ.

ನಮ್ಮ ಸಿಟ್ಟು ಬಿಲ್ಲು ಬಂದ ಮೇಲೆ ಹುಟ್ಟುತ್ತದೆ. ಅಷ್ಟು ಹೊತ್ತಿಗೆ ಆದೇಶಕ್ಕೆ ಸಹಿ ಬಿದ್ದು ತಿಂಗಳಾಗಿರುತ್ತದೆ. ಆಮೇಲೆ ಉಳಿಯುವುದು ದೆಹಲಿಯ ಮೇಲ್ಮನವಿ ನ್ಯಾಯಮಂಡಳಿ. ಅಲ್ಲಿಗೆ ಅಂಗನವಾಡಿ ಸಹಾಯಕಿ ಹೋಗಲಾರರು. ಮಾತು ನಡೆಯುವುದು ಅರ್ಜಿ ಹಾಕಿದ ಮೇಲೆ, ಆದೇಶ ಬರೆಯುವ ಮುಂಚೆ, ಚಳಿಗಾಲದಲ್ಲಿ. ಆಗ ಪತ್ರಿಕೆಯಲ್ಲಿ ಸಣ್ಣ ಅಕ್ಷರದ ನೋಟಿಸು ಬರುತ್ತದೆ. ಟೆಂಡರು, ಹರಾಜುಗಳ ನಡುವೆ ಇರುತ್ತದೆ, ಹುಡುಕಬೇಕು. ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯಿರಿ. ನಿಮ್ಮ ಬಿಲ್ಲಿನ ಮೇಲಿರುವ ಆರ್.ಆರ್. ನಂಬರು, ಎಷ್ಟು ಯೂನಿಟ್ಟಿಗೆ ಎಷ್ಟು ಬಂತು, ಯಾವ ಸಾಲಿಗೆ ನಿಮ್ಮ ತಕರಾರು, ಇಷ್ಟನ್ನು ಸ್ಪಷ್ಟವಾಗಿ ಹೇಳಿ. ಮೀಟರು ಓಡುವುದರಲ್ಲಿ, ಓದುವುದರಲ್ಲಿ ತಪ್ಪಿದ್ದರೆ ಅದು ಆಯೋಗದ ಬಾಗಿಲಲ್ಲ. ಮೊದಲು ಉಪವಿಭಾಗ ಕಚೇರಿ, ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ.

ಆಯೋಗಕ್ಕೂ ನನ್ನದೊಂದು ಬೇಡಿಕೆ ಇದೆ. ಕಂಪನಿಗಳ ಅರ್ಜಿಯ ಸಾರವನ್ನು ನಾಲ್ಕು ಪುಟದ ಸರಳ ಕನ್ನಡದಲ್ಲಿ ಪ್ರತಿ ಬಿಲ್ ಕೌಂಟರಿನಲ್ಲೂ ಇಡಿಸಿ. 50, 100, 200 ಯೂನಿಟ್ ಸುಡುವ ಮನೆಗೆ ಎಷ್ಟು ಏರುತ್ತದೆಂದು ಆದೇಶಕ್ಕೆ ಮುಂಚೆಯೇ ಗೋಡೆಗೆ ಅಂಟಿಸಿ. ಜನ ಓದುತ್ತಾರೆ. ಸಾಲಿನಲ್ಲಿ ನಿಂತವರಿಗೆ ಓದಲು ಬೇಕಾದಷ್ಟು ಹೊತ್ತಿರುತ್ತದೆ ಎಂದು ಮೂವತ್ತೆರಡು ವರ್ಷ ಕಂಡಿದ್ದೇನೆ.

ಪಕ್ಕದ ಮನೆ ಹಿರಿಸೊಸೆಗೆ ಮರುದಿನವೇ ಹೇಳಿದೆ: ನನ್ನ ಮುಖ ನೋಡಿ ಬಿಡಬೇಡ, ಬರಿ. ಅವಳು ಮಗನ ನೋಟುಬುಕ್ಕಿನ ಎರಡು ಹಾಳೆ ಹರಿದು ಬರೆದು ತಂದಳು. ದುಡಿದವರಿಗೆ ಪಿಂಚಣಿ ಕೊಡಲೇಬೇಕು, ಆದರೆ ಅದನ್ನು ಸರ್ಕಾರ ಕೊಡಬೇಕು, ನಮ್ಮ ಬಿಲ್ಲಿನಲ್ಲಿ ಹಾಕಬಾರದು ಎಂದು ಬರೆದಿದ್ದಳು. ಪಿಂಚಣಿ ಅನ್ನುವುದನ್ನು ಎರಡು ಕಡೆ 'ಪೆಂಚಣಿ' ಎಂದು ಬರೆದಿದ್ದಳು, ತಿದ್ದಿದೆ. ಮೇಲೆ ಆರ್.ಆರ್. ನಂಬರು ಸೇರಿಸಿ, ಬಿಲ್ಲಿನ ಜೆರಾಕ್ಸ್ ಲಗತ್ತಿಸಿದೆ. ಬೀರುವಿನಲ್ಲಿ ನನ್ನ ಪಿಂಚಣಿ ಪುಸ್ತಕದ ಪಕ್ಕದಲ್ಲೇ ಇಟ್ಟಿದ್ದೇನೆ. ಪತ್ರಿಕೆಯಲ್ಲಿ ನೋಟಿಸು ಬಂದ ದಿನ ನಾನೇ ಅಂಚೆಗೆ ಹಾಕಿ ಬರುತ್ತೇನೆ.